ಕಸದ ಕಾನೂನಿನ ಕರಡು ಬಂದಾಗ ಗಾಣದವರನ್ನ, ರೈಸ್ ಮಿಲ್‌ನವರನ್ನ ಕೇಳೋರು ಯಾರು?

2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 11 ಸಮಿತಿಗಳನ್ನು ರಚಿಸಿತು. ಊರಿನ ಕಸ, ಹಳೇ ವಾಹನ, ಟೈರು, ಬಳಸಿದ ಎಣ್ಣೆ, ಜಿಪ್ಸಂ, ಸೋಲಾರ್ ಪ್ಯಾನೆಲ್, ಹೀಗೆ ಒಂದೊಂದಕ್ಕೆ ಒಂದೊಂದು ಸಮಿತಿ. ಕೃಷಿ ತ್ಯಾಜ್ಯಕ್ಕೂ ಒಂದು. ಇವುಗಳ ಕೆಲಸ 'ವೃತ್ತಾಕಾರದ ಆರ್ಥಿಕತೆ'ಗೆ ಕ್ರಿಯಾಯೋಜನೆ ಬರೆಯೋದು. ಹೆಸರು ದೊಡ್ಡದು, ಅರ್ಥ ಸರಳ: ಒಬ್ಬರ ಕಸ ಇನ್ನೊಬ್ಬರಿಗೆ ಸರಕಾಗಬೇಕು, ಗುಂಡಿಗೆ ಹೋಗಬಾರದು. ಹಿತ್ತಲಲ್ಲಿ ತಿಪ್ಪೆ ಇಟ್ಟುಕೊಂಡವರಿಗೆ ಇದನ್ನ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಸಮಿತಿಗಳಲ್ಲಿ ಅಧಿಕಾರಿಗಳು, ವಿಷಯ ತಜ್ಞರು, ಶಿಕ್ಷಣ ಸಂಸ್ಥೆಯವರು ಮತ್ತು 'ಉದ್ಯಮದ ಪ್ರತಿನಿಧಿಗಳು' ಇರುತ್ತಾರೆ ಅಂತ ಆಗ ಹೇಳಲಾಯಿತು. ಈ ಕೊನೆಯ ಎರಡು ಪದಗಳೇ ಈ ವಾರದ ವಿಷಯ. ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪಿ ಸುತ್ತಮುತ್ತ ಉದ್ಯಮ ಅಂದ್ರೆ ಯಾರು? ಕಸದ ಬಗ್ಗೆ ನಿಯಮ ಬರೆಯುವಾಗ ಅವರ ಮಾತು ಕಾಗದದ ಮೇಲೆ ಬರೋದು ಹೇಗೆ? ಇದು ನಮಗ್ಯಾಕೆ ಅಂತ ಪುಟ ಮುಚ್ಚಬೇಡಿ. ನಿಮ್ಮ ಹೊಲದ ಮಲ್ಚಿಂಗ್ ಶೀಟು, ಎಣ್ಣೆ ಡಬ್ಬಿ, ಭತ್ತದ ಹುಲ್ಲು, ನಾಳೆ ನಿಮಗೆ ಮಾರಲು ಬರುವ ಪಟ್ಟಣದ ಕಾಂಪೋಸ್ಟು ಎಲ್ಲವೂ ಇದರೊಳಗೇ ಇವೆ.

ನಮ್ಮಲ್ಲಿ ಉದ್ಯಮ ಅಂದ್ರೆ

ಸಂಡೂರು ತಾಲೂಕಿನಲ್ಲಿ ಗಣಿ ಇದೆ, ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಇವರಿಗೆ ಸಂಘಗಳಿವೆ, ವಕೀಲರಿದ್ದಾರೆ, ಕರಡು ನಿಯಮ ಬಂದ ದಿನವೇ ಅದನ್ನ ಓದೋಕೆ ಸಂಬಳದ ಜನ ಇದ್ದಾರೆ. ಅದು ತಪ್ಪಲ್ಲ, ಅವರ ಕೆಲಸ ಅವರು ಮಾಡ್ತಾರೆ. ಆದರೆ ಕೃಷಿ ತ್ಯಾಜ್ಯ ಅನ್ನೋದು ನಿಜವಾಗಿ ಓಡಾಡುವುದು ಬೇರೆಯವರ ಕೈಯಲ್ಲಿ.

ಕಂಪ್ಲಿಯ ರೈಸ್ ಮಿಲ್ ತಗೊಳ್ಳಿ. 100 ಕ್ವಿಂಟಲ್ ಭತ್ತ ಒಡೆದರೆ ಸುಮಾರು 20 ಕ್ವಿಂಟಲ್ ಹೊಟ್ಟು ಬರುತ್ತೆ. ಅದನ್ನ ಬಾಯ್ಲರ್‌ಗೆ ಹಾಕಿ ಸುಟ್ಟರೆ ಹೆಚ್ಚುಕಡಿಮೆ 4 ಕ್ವಿಂಟಲ್ ಬೂದಿ ಉಳಿಯುತ್ತೆ. ಹೊಟ್ಟಿಗೆ ಗಿರಾಕಿ ಇದ್ದೇ ಇದ್ದಾರೆ. ಬೂದಿಗೆ ಅಷ್ಟು ಸುಲಭವಾಗಿ ಇಲ್ಲ. ಅದು ಹಗುರ, ಗಾಳಿಗೆ ಹಾರುತ್ತೆ, ಪಕ್ಕದ ಹೊಲದ ಎಲೆ ಮೇಲೆ ಕೂರುತ್ತೆ. ಯಾವುದು ಸರಕು, ಯಾವುದು ಕಸ ಅನ್ನುವ ಗೆರೆ ಎಲ್ಲಿದೆ ಅಂತ ಮಿಲ್ಲಿನ ಯಜಮಾನರಿಗೆ ಗೊತ್ತು, ಪಕ್ಕದ ಹೊಲದವರಿಗೂ ಗೊತ್ತು.

ಬೆಲ್ಲದ ಗಾಣದ್ದು ಇನ್ನೂ ಚೆಂದದ ಲೆಕ್ಕ. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆಜಿ ಬೆಲ್ಲ, 300 ಕೆಜಿಯಷ್ಟು ಹಸಿ ಸಿಪ್ಪೆ. ಸಿಪ್ಪೆ ಒಣಗಿ ಅದೇ ಒಲೆಗೆ ಹೋಗುತ್ತೆ, ಬೂದಿ ಹೊಲಕ್ಕೆ ಹೋಗುತ್ತೆ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಕಾರ್ಖಾನೆಯ ಜೊತೆ ಹತ್ತಿರದಲ್ಲೇ ಸಿಗುತ್ತಿದ್ದ ಮಡ್ಡಿ ಗೊಬ್ಬರವೂ ಹೋಯಿತು. ವೃತ್ತ ಪೂರ್ತಿ ಮಾಡಿ ತೋರಿಸುವ ಉದ್ಯಮ ನಮ್ಮಲ್ಲಿ ಯಾವುದು ಅಂದ್ರೆ ಗಾಣವನ್ನೇ ತೋರಿಸಬೇಕು. ಆದರೆ ಹೊಗೆ, ಬೂದಿ, ತ್ಯಾಜ್ಯ ನೀರಿನ ನಿಯಮ ಬಂದಾಗ ಗಾಣದವರಿಗೆ ಅದು ಗೊತ್ತಾಗೋದು ನೋಟಿಸ್ ಬಂದ ಮೇಲೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ.

ಇನ್ನು ಬಾಳೆ. ಗೊನೆ ಕಡಿದ ಮೇಲೆ ಹೆಕ್ಟೇರಿಗೆ 60ರಿಂದ 80 ಟನ್ ಬೊಡ್ಡೆ ಉಳಿಯುತ್ತೆ ಅಂತ ಲೆಕ್ಕ ಹಾಕ್ತಾರೆ. ಕಮಲಾಪುರ, ಹಂಪಿ ಕಡೆ ಸುಗಂಧಿ ಬಾಳೆ ಬೆಳೆಯೋರಿಗೆ ಈ ಬೊಡ್ಡೆ ಸಾಗಿಸೋ ಕೂಲಿಯೇ ತಲೆನೋವು. ಹೊಳೆ ಆಚೆ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆ ನಾರಿನಿಂದ ಬುಟ್ಟಿ, ಚೀಲ ಮಾಡುವ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸಿ ಬಹಳ ಕಾಲವಾಯಿತು. ಒಳ್ಳೆ ಕೆಲಸ. ಆದರೆ ನಾರು ಅನ್ನೋದು ಬೊಡ್ಡೆಯ ತೂಕದಲ್ಲಿ ತೀರಾ ಸಣ್ಣ ಪಾಲು, ಉಳಿದದ್ದೆಲ್ಲ ನೀರು ಮತ್ತು ತಿರುಳು. ಅದನ್ನ ಮತ್ತೆ ತೋಟಕ್ಕೇ ತರದಿದ್ದರೆ ವೃತ್ತ ಅರ್ಧಕ್ಕೇ ನಿಲ್ಲುತ್ತೆ. ಈ ಮಾತನ್ನ ಸಮಿತಿಗೆ ಹೇಳಬಲ್ಲವರು ನಾರು ತೆಗೆಯೋರು ಮತ್ತು ತೋಟದವರು ಇಬ್ಬರೇ.

ಗೊಬ್ಬರದ ಅಂಗಡಿ, ಗುಜರಿ ಅಂಗಡಿ, ಬಾಡಿಗೆ ಕಟಾವು ಯಂತ್ರದವರು, ಹಂಪಿಯ ಖಾನಾವಳಿಗಳು, ಸಂಜೀವಿನಿ ಸಂಘದ ಹೆಣ್ಣುಮಕ್ಕಳು ನಡೆಸುವ ಪಂಚಾಯಿತಿಯ ಸ್ವಚ್ಛ ಸಂಕೀರ್ಣ, ಇವರನ್ನೂ ಸೇರಿಸಿ. ಮೇಲಿಂದ ನಮಗೊಂದು ವಿಶೇಷ ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆ, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಬ್ಬು, ಹೊಟ್ಟು, ಗುಜರಿ ಇವಕ್ಕೆ ಜಿಲ್ಲೆ ಗಡಿ ಗೊತ್ತಿಲ್ಲ. ಸಭೆ ಕರೆಯೋ ಕಚೇರಿಗೆ ಗೊತ್ತು.

ಗಣಿಗೆ ಕನ್ನಡ, ಕಸಕ್ಕೆ ಇಂಗ್ಲಿಷ್

ಸಂಡೂರಿನ ಜನರಿಗೆ ಪರಿಸರದ ಸಾರ್ವಜನಿಕ ಸಭೆ ಹೊಸದಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಗಣಿ ಅಥವಾ ಕಾರ್ಖಾನೆ ಯೋಜನೆಗೆ ಜನರ ಸಭೆ ಬೇಕಾದರೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ತಿಳಿಸಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಕೂತು ಕೇಳಬೇಕು, ಯಾರು ಏನು ಹೇಳಿದರು ಅಂತ ಬರೆದುಕೊಂಡು ಅಲ್ಲೇ ಓದಿ ಹೇಳಬೇಕು. ಸಭೆ ಸರಿಯಾಗಿ ನಡೀತೋ ಇಲ್ಲವೋ ಅನ್ನೋ ಜಗಳ ಬೇರೆ. ವ್ಯವಸ್ಥೆಯಂತೂ ಕಾಗದದಲ್ಲಿದೆ.

ಈಗ ಕಸದ ನಿಯಮ ನೋಡಿ. ಪರಿಸರ ಸಂರಕ್ಷಣಾ ಕಾಯ್ದೆ ಅಡಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ತರುವಾಗ ಕರಡನ್ನು ರಾಜಪತ್ರದಲ್ಲಿ ಹಾಕಿ, ಸಾಮಾನ್ಯವಾಗಿ 60 ದಿನದೊಳಗೆ ಆಕ್ಷೇಪಣೆ, ಸಲಹೆ ಕಳಿಸಿ ಅಂತಾರೆ. ರಾಜಪತ್ರ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ನಿಮ್ಮೂರಿಗೆ ಯಾರೂ ಬರಲ್ಲ. ಒಂದು ಗಣಿಗೆ ಕನ್ನಡದ ಸಾರಾಂಶ ಮತ್ತು ಸಭೆ, ಆದರೆ ಲಕ್ಷಾಂತರ ಹೊಲ, ಅಂಗಡಿ, ಗಾಣಗಳಿಗೆ ಅನ್ವಯಿಸುವ ನಿಯಮಕ್ಕೆ ಅದ್ಯಾವುದೂ ಇಲ್ಲ!

ಈ ಭಾಷೆಯ ಪ್ರಶ್ನೆ ಸಣ್ಣದಲ್ಲ ಅಂತ ನ್ಯಾಯಾಲಯಗಳೇ ಹೇಳಿವೆ. 2020ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯನ್ನೇ ಬದಲಿಸುವ ಕರಡು ಬಂದಾಗ, ಅದನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಕರಡಿಗೆ ಸ್ಥಳೀಯ ಭಾಷೆಯಲ್ಲಿ ತಕ್ಕ ಪ್ರಚಾರ ಸಿಕ್ಕಿಲ್ಲ ಅಂತ ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕ ತಡೆ ಕೊಟ್ಟಿತು. ಅದಕ್ಕೂ ಮೊದಲೇ, 2014ರಲ್ಲಿ, ಯಾವುದೇ ಕಾನೂನು ತರುವ ಮುಂಚೆ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಅದರಿಂದ ಯಾರ ಮೇಲೆ ಏನು ಪರಿಣಾಮ ಅಂತ ಸರಳವಾಗಿ ವಿವರಿಸಬೇಕು ಅಂತ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೇ ಹೇಳಿಕೊಂಡಿದೆ.

ಘನತ್ಯಾಜ್ಯ ನಿರ್ವಹಣೆಯ ಹೊಸ ಕರಡು 2024ರ ಡಿಸೆಂಬರ್‌ನಲ್ಲಿ ಬಂತು, 60 ದಿನ ಕೊಟ್ಟಿದ್ರು. ಅದೇ ಈಗ 2026ರ ನಿಯಮವಾಗಿ, ಏಪ್ರಿಲ್ 1ರಿಂದ ಜಾರಿ: ಹಸಿ, ಒಣ, ನೈರ್ಮಲ್ಯದ ಕಸ, ವಿಶೇಷ ಕಾಳಜಿಯ ಕಸ ಅಂತ ನಾಲ್ಕು ಭಾಗ ಮಾಡಬೇಕು. ಆ 60 ದಿನದಲ್ಲಿ ಕಂಪ್ಲಿಯಿಂದ ಎಷ್ಟು ಪತ್ರ ಹೋಗಿರಬಹುದು, ನೀವೇ ಊಹಿಸಿ.

ಹೊಲದ ಕಡೆಯಿಂದ ನೋಡಿದ್ರೆ

ಕೇಳದೆ ಬರೆದ ನಿಯಮದಲ್ಲಿ ಏನು ಬಿಟ್ಟುಹೋಗುತ್ತೆ ಅನ್ನೋದಕ್ಕೆ ಪಟ್ಟಣದ ಕಾಂಪೋಸ್ಟ್ ಒಳ್ಳೇ ಉದಾಹರಣೆ. 2016ರ ಘನತ್ಯಾಜ್ಯ ನಿಯಮದಲ್ಲಿ, ರಸಗೊಬ್ಬರ ಕಂಪನಿಗಳು 6-7 ಚೀಲ ರಸಗೊಬ್ಬರದ ಜೊತೆ 3-4 ಚೀಲ ಕಾಂಪೋಸ್ಟ್ ಮಾರಬೇಕು ಅಂತ ಇತ್ತು. ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವೂ ಅದೇ ವರ್ಷ ಬಂತು. ಪಟ್ಟಣದ ಕಸಕ್ಕೆ ದಾರಿ ಆಯ್ತು, ಕಂಪನಿಗೆ ಹೊಣೆ ಆಯ್ತು, ನೆರವೂ ಆಯ್ತು. ಹೊಲದಲ್ಲಿ ನಿಂತವರ ಲೆಕ್ಕ ಬೇರೆ.

ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪಟ್ಟಣದ ಕಾಂಪೋಸ್ಟ್‌ನಲ್ಲಿ ಸಾರಜನಕ ಕನಿಷ್ಠ ಶೇ 0.8 ಇರಬೇಕು. ಅಂದ್ರೆ ಒಂದು ಟನ್ನಿನಲ್ಲಿ 8 ಕೆಜಿ. 45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20.7 ಕೆಜಿ ಸಾರಜನಕ ಇರುತ್ತೆ. ಒಂದು ಯೂರಿಯಾ ಚೀಲದ ಸಾರಜನಕಕ್ಕೆ ಎರಡೂವರೆ ಟನ್ ಕಾಂಪೋಸ್ಟ್ ಹೊರಬೇಕು! ಆದ್ದರಿಂದ ಇದನ್ನ ಸಾರಜನಕಕ್ಕಾಗಿ ತರೋದಲ್ಲ, ಮಣ್ಣಿನ ಸಾವಯವ ಇಂಗಾಲಕ್ಕಾಗಿ ತರೋದು. ಹಾಗಿದ್ದರೆ ಮುಖ್ಯ ಖರ್ಚು ಸಾಗಣೆ. ನೆರವನ್ನ ಚೀಲಕ್ಕೆ ಕೊಡೋ ಬದಲು ಸಾಗಣೆಯ ದೂರಕ್ಕೆ ಕೊಡಿ ಅಂತ ಒಬ್ಬ ಟ್ರ್ಯಾಕ್ಟರ್ ಇಟ್ಟವರು ಸಭೆಯಲ್ಲಿ ಎರಡೇ ನಿಮಿಷದಲ್ಲಿ ಹೇಳಿಬಿಡ್ತಾರೆ.

ಇನ್ನೊಂದು, ಉಪ್ಪು. ತುಂಗಭದ್ರಾ ಕಾಲುವೆ ಕೆಳಭಾಗದ ಎರೆ ಭೂಮಿಯಲ್ಲಿ ಸವಳು-ಜವಳು ಎಷ್ಟು ದೊಡ್ಡ ಸಮಸ್ಯೆ ಅಂದ್ರೆ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅದಕ್ಕಂತಲೇ ಸಂಶೋಧನೆ ನಡೆಯುತ್ತೆ. ಕಾಂಪೋಸ್ಟ್‌ನ ವಿದ್ಯುತ್ ವಾಹಕತೆ 4 ಡೆಸಿಸೈಮನ್ಸ್ ಮೀರಬಾರದು ಅಂತ ಮಾನದಂಡ ಇದೆ. ಸವಳು ಭೂಮಿಯವರು ಚೀಲದ ಮೇಲಿನ ಆ ಅಂಕಿ ನೋಡದೆ ಲೋಡ್ ಇಳಿಸಿಕೊಳ್ಳಬಾರದು. ಮತ್ತೆ ಗಾಜಿನ ಚೂರು, ಶಾಂಪೂ ಪಾಕೀಟು. ಶೇ 90ರಷ್ಟು 4 ಮಿಲಿಮೀಟರ್ ಜರಡಿಯಿಂದ ಇಳಿಯಬೇಕು ಅನ್ನುತ್ತೆ ಮಾನದಂಡ. ನಾಟಿ ಹೆಣ್ಣಾಳುಗಳ ಕಾಲಿಗೆ ಗಾಜು ಚುಚ್ಚೋಕೆ ಉಳಿದ ಶೇ 10 ಸಾಕು. ಇದನ್ನ ಸರಿ ಮಾಡೋ ಜಾಗ ಹೊಲ ಅಲ್ಲ. ಹಂಪಿ, ಹೊಸಪೇಟೆಯ ಹೋಟೆಲಿನ ಅಡುಗೆಮನೆಯಲ್ಲೇ ಬಾಳೆ ಎಲೆ ಬೇರೆ, ಪಾಕೀಟು ಬೇರೆ ಆಗಬೇಕು. ಹೋಟೆಲಿನವರು, ಕಾಂಪೋಸ್ಟ್ ಮಾಡೋರು, ರೈತರು ಒಂದೇ ಮೇಜಿಗೆ ಕೂತರೆ ತೀರುವ ವಿಷಯ ಇದು.

ಭತ್ತದ ಹುಲ್ಲಿನದೂ ಇದೇ ಥರ. 2021ರ ಅಕ್ಟೋಬರ್‌ನಲ್ಲಿ ವಿದ್ಯುತ್ ಸಚಿವಾಲಯ, ಕಲ್ಲಿದ್ದಲಿನ ಜೊತೆ ಶೇ 5ರಷ್ಟು ಕೃಷಿ ಉಳಿಕೆಯ ಪೆಲೆಟ್ ಸುಡಬೇಕು ಅಂತ ನೀತಿ ತಂತು. ಸುಡೋದಕ್ಕಿಂತ ಮಾರೋದು ಮೇಲು, ಒಪ್ಪೋಣ. ಆದರೆ ಹುಲ್ಲು ನಮ್ಮಲ್ಲಿ ಮೇವು. ಬರ ಬಂದ ವರ್ಷ ಸರ್ಕಾರವೇ ಮೇವು ಬ್ಯಾಂಕ್ ತೆರೆಯುತ್ತೆ. ಅದೇ ಹುಲ್ಲು ದೆಹಲಿಯ ಕಾಗದದಲ್ಲಿ ತ್ಯಾಜ್ಯ! ಎರಡು ಎಮ್ಮೆ ಸಾಕಿಕೊಂಡ ಮನೆಯವರನ್ನ ಯಾರೂ ಉದ್ಯಮ ಅಂತ ಕರೆಯೋದಿಲ್ಲ, ಆದರೆ ಹುಲ್ಲಿನ ಬೆಲೆ ಏರಿದ್ರೆ ಮೊದಲು ಪೆಟ್ಟು ಅವರಿಗೇ. ಹೊಲದಲ್ಲೇ ಬಿಟ್ಟರೂ ನಷ್ಟ ಇಲ್ಲ: ಒಂದು ಟನ್ ಹುಲ್ಲಿನಲ್ಲಿ 5-6 ಕೆಜಿ ಸಾರಜನಕ, 15 ಕೆಜಿಯಷ್ಟು ಪೊಟ್ಯಾಷ್ ಮಣ್ಣಿಗೆ ವಾಪಸ್ ಹೋಗುತ್ತೆ.

ಉಕ್ಕಿನ ಸ್ಲ್ಯಾಗ್ ಹೊಲಕ್ಕೆ ಹಾಕಬಹುದು ಅನ್ನುವ ಮಾತು ಆಗಾಗ ಕೇಳಿಬರುತ್ತೆ. ಸ್ಲ್ಯಾಗ್‌ನಲ್ಲಿ ಸುಣ್ಣದ ಅಂಶ ಹೆಚ್ಚು, ಹುಳಿ ಮಣ್ಣಿಗೆ ಅದು ಆಗಬಹುದು. ನಮ್ಮ ಎರೆ ಭೂಮಿ ಮೊದಲೇ ಕ್ಷಾರದ್ದು. ಮಣ್ಣು ಪರೀಕ್ಷೆ ಮಾಡಿಸದೆ ಒಪ್ಪಿಕೊಳ್ಳಬೇಡಿ, ಪುಕ್ಕಟೆ ಕೊಟ್ಟರೂ ಸರಿ.

ವಿನಾಯಿತಿ ಯಾರಿಗೆ ಸಿಕ್ಕಿತು ಅಂತ ನೋಡಿದ್ರೆ ಯಾರ ಮಾತು ತಲುಪಿತ್ತು ಅನ್ನೋದು ಗೊತ್ತಾಗುತ್ತೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ ಹಾಲಿನ ಪ್ಯಾಕೆಟ್‌ಗೆ ವಿನಾಯಿತಿ ಇತ್ತು. ಅರಣ್ಯ ಮತ್ತು ತೋಟಗಾರಿಕೆ ನರ್ಸರಿಯ ಚೀಲಕ್ಕೂ ಇತ್ತು, ಆದರೆ ಸರ್ಕಾರಿ ಇಲಾಖೆಗಳ ಬೇಡಿಕೆಗೆ ಮಾಡಿದ್ದಕ್ಕೆ ಅಂತ ಬರೆದಿತ್ತು. ಸಸಿ ಮಾರಿ ಬದುಕುವ ಖಾಸಗಿ ನರ್ಸರಿಯವರ ಹೆಸರು ಆ ಸಾಲಿನಲ್ಲಿ ಇರಲಿಲ್ಲ.

ಎಣ್ಣೆ ಡಬ್ಬಿ: ಎಲ್ಲರನ್ನೂ ಕೂರಿಸಿ ಮಾಡಿದ ಒಂದು ದೇಶ

ಕೀಟನಾಶಕದ ಖಾಲಿ ಡಬ್ಬಿ ಕಾಲುವೆ ದಡದಲ್ಲಿ ಬಿದ್ದಿರೋದು ಎಲ್ಲರೂ ಕಂಡದ್ದೇ. ಅದೇ ಕಾಲುವೆ ನೀರು ಮುಂದಿನ ಊರಲ್ಲಿ ಕುಡಿಯೋಕೆ. 1971ರ ಕೀಟನಾಶಕ ನಿಯಮಗಳು ಡಬ್ಬಿಯನ್ನ ಒಡೆದು, ಜನವಸತಿಯಿಂದ ದೂರ ಹೂಳಿ ಅನ್ನುತ್ತವೆ. ಪ್ಲಾಸ್ಟಿಕ್ ಡಬ್ಬಿ ಹೂತರೆ ಮೊಮ್ಮಕ್ಕಳು ಉಳುಮೆ ಮಾಡುವಾಗಲೂ ಸಿಗುತ್ತೆ. ಇತ್ತ 2022ರ ಫೆಬ್ರುವರಿಯಲ್ಲಿ ಬಂದ ಪ್ಲಾಸ್ಟಿಕ್ ಪ್ಯಾಕಿಂಗ್ ನಿಯಮ, ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್‌ಗೆ ಕಂಪನಿಯೇ ಹೊಣೆ ಅನ್ನುತ್ತೆ. ಹೊಣೆ ಇದೆ. ಆದರೆ ಡಬ್ಬಿ ವಾಪಸ್ ಕೊಡೋಕೆ ಕಂಪ್ಲಿಯಲ್ಲಿ ಎಲ್ಲಿಗೆ ಹೋಗಬೇಕು?

ಬ್ರೆಜಿಲ್ 2000ನೇ ಇಸವಿಯಲ್ಲಿ ಇದಕ್ಕೊಂದು ಕಾನೂನು ಮಾಡಿತು. ಅದರಲ್ಲಿ ಹೊಣೆ ಹಂಚಿದ ರೀತಿ ನೋಡಿ: ರೈತ ಡಬ್ಬಿಯನ್ನ ಮೂರು ಸಲ ತೊಳೆದು ಒಂದು ವರ್ಷದೊಳಗೆ ವಾಪಸ್ ಕೊಡಬೇಕು. ಅಂಗಡಿಯವನು ಎಲ್ಲಿ ಕೊಡಬೇಕು ಅಂತ ಬಿಲ್ಲಿನಲ್ಲೇ ಬರೆಯಬೇಕು. ಅಲ್ಲಿಂದ ಸಾಗಿಸಿ ಮರುಬಳಕೆ ಮಾಡೋದು ಕಂಪನಿಗಳ ಖರ್ಚು. ಕಂಪನಿಗಳು ಸೇರಿ ಇನ್‌ಪೆವ್ ಅನ್ನೋ ಸಂಸ್ಥೆ ಕಟ್ಟಿದವು, ಸಂಗ್ರಹ ಕೇಂದ್ರಗಳು 400 ದಾಟಿದವು. ಈಗ ಅಲ್ಲಿ ಇಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೇ 90ಕ್ಕೂ ಹೆಚ್ಚು ವಾಪಸ್ ಬರುತ್ತೆ. ಇಲ್ಲೇ ಹತ್ತಿರ, ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡ್ತಾರೆ. ಮದ್ಯಕ್ಕೆ ಆಗೋದು ಎಣ್ಣೆ ಡಬ್ಬಿಗೆ ಯಾಕಾಗಬಾರದು?

ಆದರೆ ಅಂಗಡಿಯವರನ್ನ ಕೇಳದೆ ಇದನ್ನ ಹೇರಿದ್ರೆ ಮುಗೀತು. ಡಬ್ಬಿ ಇಡೋಕೆ ಜಾಗ ಎಲ್ಲಿ, ವಾಸನೆ ಬಂದರೆ ಪಕ್ಕದವರ ಜೊತೆ ಜಗಳ ಯಾರು ಆಡಬೇಕು, ಲೈಸೆನ್ಸ್ ಪರಿಶೀಲನೆಗೆ ಬಂದವರು ಖಾಲಿ ಡಬ್ಬಿ ನೋಡಿ ಏನಂತಾರೆ, ಎಷ್ಟು ದಿನಕ್ಕೊಮ್ಮೆ ಗಾಡಿ ಬರುತ್ತೆ. ಇವು ನ್ಯಾಯವಾದ ಪ್ರಶ್ನೆಗಳು. ಹಾಗಂತ ರೈತರ ಪರವಾಗಿ ಅಂಗಡಿಯವರೇ ಮಾತಾಡ್ತಾರೆ ಅಂತ ಸುಮ್ಮನೆ ಕೂರುವಂತೆಯೂ ಇಲ್ಲ. ಅವರ ಲಾಭ ಬೇರೆ, ನಿಮ್ಮ ಲಾಭ ಬೇರೆ. ಅಲ್ಲೀತನಕ ನಿಮ್ಮ ಕೈಲಿರೋದು ಇಷ್ಟು: ಡಬ್ಬಿ ಖಾಲಿ ಆದ ಕೂಡಲೇ ಕಾಲು ಭಾಗ ನೀರು ಹಾಕಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನ ಸಿಂಪಡಣೆ ಟ್ಯಾಂಕಿಗೇ ಸುರಿಯಿರಿ. ಮೂರು ಸಲ. ಆಮೇಲೆ ತಳ ತೂತು ಮಾಡಿ, ಯಾರೂ ನೀರು-ಎಣ್ಣೆಗೆ ಬಳಸದ ಹಾಗೆ.

ಪತ್ರ ಬರೆಯೋದು ಹೀಗೆ

ಮೊದಲು ನಿಮ್ಮ ರೈತ ಉತ್ಪಾದಕರ ಕಂಪನಿ ಇದ್ದರೆ ಅದನ್ನ ಮುಂದೆ ಮಾಡಿ. ಕಂಪನಿ ಕಾಯ್ದೆ ಅಡಿ ನೋಂದಣಿಯಾದ ಉತ್ಪಾದಕರ ಕಂಪನಿ ಕಾನೂನಿನ ಪ್ರಕಾರವೇ ಉದ್ಯಮ. ಲೆಟರ್‌ಹೆಡ್‌ನಲ್ಲಿ ಹೋದ ಪತ್ರವನ್ನ ಉದ್ಯಮದ ಅಭಿಪ್ರಾಯ ಅಲ್ಲ ಅನ್ನೋಕಾಗಲ್ಲ. ಕನ್ನಡದಲ್ಲೇ ಬರೆಯಬಹುದು. ಕುಂದುಕೊರತೆ ನಿವಾರಣೆಗೆ ಕೇಂದ್ರದ ಅಧಿಕಾರಿಗೂ ದೇಶದ ಅಥವಾ ರಾಜ್ಯದ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕನ್ನ ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಇಂಗ್ಲಿಷ್ ಪ್ರತಿ ಜೊತೆಗಿಟ್ಟರೆ ಓದೋರಿಗೆ ನೆಪ ಉಳಿಯಲ್ಲ.

'ವಿರೋಧಿಸುತ್ತೇವೆ' ಅಂತಷ್ಟೇ ಬರೆದ ಪತ್ರ ಕಡತದ ತಳಕ್ಕೆ ಹೋಗುತ್ತೆ. ನಿಯಮದ ಸಂಖ್ಯೆ, ನಿಮ್ಮ ಅಂಕಿ, ನಿಮಗೆ ಬೇಕಾದ ತಿದ್ದುಪಡಿ ಮೂರೂ ಇರಲಿ. ಅಂಕಿ ತೆಗೆಯೋದು ಕಷ್ಟ ಏನಲ್ಲ. ಮಲ್ಚಿಂಗ್ ಶೀಟನ್ನೇ ನೋಡಿ: 400 ಮೀಟರ್ ಉದ್ದ, 1.2 ಮೀಟರ್ ಅಗಲ, 25 ಮೈಕ್ರಾನ್ ರೋಲ್ ಸುಮಾರು 11 ಕೆಜಿ ತೂಗುತ್ತೆ. ಒಂದೂವರೆ ಮೀಟರ್ ಸಾಲಿನಲ್ಲಿ ಎಕರೆಗೆ ಆರೇಳು ರೋಲ್, ಅಂದ್ರೆ 70 ಕೆಜಿ ಆಸುಪಾಸು ಪ್ಲಾಸ್ಟಿಕ್. ಪತ್ರ ಹೀಗಿರಬಹುದು:

"ನಮ್ಮ ಕಂಪನಿಯ ಸದಸ್ಯರು ಇಷ್ಟು ಎಕರೆಯಲ್ಲಿ ಮಲ್ಚಿಂಗ್ ಶೀಟು ಬಳಸುತ್ತಾರೆ. ವರ್ಷಕ್ಕೆ ಉಳಿಯುವ ಪ್ಲಾಸ್ಟಿಕ್ ಇಷ್ಟು ಕೆಜಿ. ತೆಳು ಶೀಟು ತೆಗೆಯುವಾಗ ಹರಿದು ಮಣ್ಣಿಗೆ ಅಂಟುತ್ತದೆ, ಮಣ್ಣು ಮೆತ್ತಿದ್ದನ್ನು ಗುಜರಿಯವರು ಕೊಳ್ಳುವುದಿಲ್ಲ. ಆದ್ದರಿಂದ ಕರಡಿನ ಇಂಥ ನಿಯಮದಲ್ಲಿ ಈ ತಿದ್ದುಪಡಿ ಕೋರುತ್ತೇವೆ: ಸಹಾಯಧನದ ಶೀಟಿಗೆ ಬಿಡಿಸಿ ಸುತ್ತಲು ಬರುವಷ್ಟು ದಪ್ಪ ಕಡ್ಡಾಯ ಮಾಡಬೇಕು. ಬೆಳೆ ಮುಗಿಯುವ ತಿಂಗಳಲ್ಲಿ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಒಂದು ದಿನ ಸಂಗ್ರಹ ಇಡಬೇಕು. ತೊಳೆದು ಸಾಗಿಸುವ ಖರ್ಚನ್ನು ತಯಾರಕರ ಹೊಣೆಗೆ ಸೇರಿಸಬೇಕು."

ಇದಕ್ಕೆ ಗುಜರಿ ಅಂಗಡಿಯವರ, ಸ್ವಚ್ಛ ಸಂಕೀರ್ಣದ ಸಂಘದವರ ಸಹಿಯೂ ಇದ್ದರೆ ತೂಕ ಹೆಚ್ಚು. ದೆಹಲಿಗಷ್ಟೇ ಕಳಿಸಿ ಸುಮ್ಮನಾಗಬೇಡಿ. ಹೊಸಪೇಟೆ ನಗರಸಭೆ, ಕಂಪ್ಲಿ ಮತ್ತು ಸಂಡೂರು ಪುರಸಭೆ ಕಸದ ಉಪವಿಧಿ ಮಾಡುವಾಗಲೂ ಆಕ್ಷೇಪಣೆ ಕರೆಯುತ್ತವೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮಸಭೆ ಇದೆ. ಅಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಸಿದ್ರೆ ಮಾತ್ರ ಲೆಕ್ಕ, ಬಾಯಿಮಾತಿಗೆ ಬೆಲೆ ಇಲ್ಲ. ಕಂಪ್ಲಿಯವರು ಪ್ರತಿಯನ್ನ ಬಳ್ಳಾರಿಗೆ, ಹೊಸಪೇಟೆಯವರು ವಿಜಯನಗರ ಜಿಲ್ಲಾಡಳಿತಕ್ಕೆ ಕಳಿಸಿ. ಸರಕು ಎರಡೂ ಕಡೆ ಓಡಾಡೋದಾದರೆ ಎರಡಕ್ಕೂ ಕಳಿಸಿ.

ಸ್ಪೀಡ್ ಪೋಸ್ಟ್ ರಸೀದಿ, ಇ-ಮೇಲ್ ಪ್ರತಿ ಇಟ್ಟುಕೊಳ್ಳಿ. ಅಂತಿಮ ನಿಯಮ ಬಂದ ಮೇಲೆ ನಿಮ್ಮ ಸಲಹೆ ಕಾಣದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಇಂಥ ದಿನ ಕಳಿಸಿದ ಆಕ್ಷೇಪಣೆಯ ಮೇಲೆ ಕಡತದಲ್ಲಿ ಏನು ಟಿಪ್ಪಣಿ ಬರೆದಿದ್ದೀರಿ, ಅದರ ಪ್ರತಿ ಕೊಡಿ. 30 ದಿನದಲ್ಲಿ ಉತ್ತರ ಕೊಡಬೇಕು.